ಕಂಬದ ಮೇಲೆ ಕೇಳಿದ ಮಾತು

॥ ಶ್ರೀ ಲಕ್ಷ್ಮೀನೃಸಿಂಹಾಯ ನಮಃ ॥

ಸವಣೂರು, ಶುಭಕೃತ್ ಸಂವತ್ಸರ, ಮಾಘ ಶುದ್ಧ ಪಂಚಮಿ

ಹಾನಗಲ್ಲಿನ ಶ್ರೀಯುತ ಶೇಷಗಿರಿರಾಯರಿಗೆ ಟೆಲಿಫೋನ್ ದುರಸ್ತಿಯ ವೆಂಕೋಬಾಚಾರ್ಯನು ಮಾಡುವ ಅನೇಕ ನಮಸ್ಕಾರಗಳು.

ಬರುವ ತ್ರಯೋದಶಿಯಂದು ತಮ್ಮ ಚಿರಂಜೀವನನ್ನು ವರಿಸಲಿರುವ ಪದ್ಮೆಯು ನನ್ನ ತಂಗಿಯ ಮಗಳು. ಮೊನ್ನೆ ಕಂಬದ ಮೇಲೆ ಹರಿದ ತಂತಿಯನ್ನು ಕೂಡಿಸಿ, ರೂಢಿಯಂತೆ ಪರೀಕ್ಷೆಯ ರಿಸೀವರನ್ನು ತಂತಿಗೆ ಜೋಡಿಸಿ ಕಿವಿಗೊಟ್ಟು ಪರೀಕ್ಷಿಸುವಾಗ, ನಿಶ್ಚಯದ ದಿನ ಕೇಳಿದ್ದ ತಮ್ಮ ಧ್ವನಿಯೇ ಕೇಳಿಸಿತು: “ಹುಡುಗನ ಮೊದಲನೇ ಹೆಂಡ್ತಿ ಹಿರೇಕೆರೂರಾಗ ತವರಮನ್ಯಾಗ ಇದ್ದಾಳಂತ ಸವಣೂರವರಿಗೆ ಯಾಕ ಹೇಳ್ತೀರಿ? ಅಕ್ಷತಿ ಬೀಳೂತನಕ ಸುಮ್ಮನಿರ್ರಿ.”

ತಂತಿಯಲ್ಲಿ ಕೇಳಿದ್ದನ್ನು ಅನ್ಯರಿಗೆ ಹೇಳೆನೆಂದು ನೌಕರಿಗೆ ಸೇರುವಾಗ ದೇವರ ಮೇಲೆ ಆಣೆಯಿಟ್ಟಿದ್ದೇನೆ. ಮಾತು ತಮ್ಮದೇ ಆದ್ದರಿಂದ ತಮಗೆ ಬರೆದರೆ ಆಣೆಗೆ ಭಂಗವಿಲ್ಲ. ತಂಗಿಗೆ ಮಾತ್ರ ಹೇಳಲಾರೆ. “ಅಣ್ಣಾ, ಮದುವಿ ಮನ್ಯಾಗ ಸೂತಕದವರಂಗ ಯಾಕ ಕೂತೀ? ಕಂಬ ಏರಿ ಏರಿ ಮಂದಿ ಕೂಡ ಮಾತಾಡೂದ ಮರ್ತಿ ಏನು?” ಎಂದು ಅವಳು ನಗುತ್ತಾಳೆ.

ಸೋದರಮಾವನಾದ ನಾನೇ ಹುಡುಗಿಯ ಕೈಹಿಡಿದು ಹಸೆಗೆ ಕರೆತರಬೇಕು. ಅದಕ್ಕೆ ಮುನ್ನ ತಾವೇ ಬಂದು ನಿಜವನ್ನು ತಿಳಿಸಬೇಕೆಂದು ಪ್ರಾರ್ಥನೆ. ತಾವು ಬಾರದಿದ್ದರೆ ನಾನು ಮೌನಿಯಾಗಿಯೇ ಇರಬೇಕಾದೀತು. ಆದರೆ ಆ ಕೈಯನ್ನು ಹಿಡಿಯಲಾರೆ.

ಇತಿ ವೆಂಕೋಬಾಚಾರ್ಯನ ವಿಜ್ಞಾಪನೆ.

ಪದ್ಮೆಗೂ, ಹಿರೇಕೆರೂರಿನ ಆ ಮಗಳಿಗೂ, ತಮ್ಮ ಚಿರಂಜೀವನಿಗೂ, ತಮಗೂ ನೃಸಿಂಹದೇವರು ಸನ್ಮಂಗಳವನ್ನುಂಟುಮಾಡಲಿ.