ತಗುಲಿದವರೇ ಕೈ ಎತ್ತಬೇಕು

ಮಂಗಳವಾರ, ಮಾರ್ಚ್ ೪
ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಇನ್ ಶಾರ್ಟ್ ಎಂದು ಶುರುಮಾಡಿ ನಾಲ್ಕು ಪುಟ ಕೊರೆಯುತ್ತೀರಿ ಎಂದು ನಿನ್ನ ಅಮ್ಮ ಆಡಿಕೊಳ್ಳುತ್ತಿದ್ದಳು. ಈಗ ತಡೆಯುವವರಿಲ್ಲ, ಆದರೂ ಒಂದೇ ಹಾಳೆಯಲ್ಲಿ ಮುಗಿಸಲು ನೋಡುತ್ತೇನೆ.

ಕರಾಟೆ ಕ್ಲಾಸು ಮುಚ್ಚಿದೆ. ಟೈರ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಈಗ ಸುತ್ತಿಟ್ಟ ಚಾಪೆಗಳು ಮತ್ತು ನಾನು. ಗೋಡೆಯ ಮೇಲೆ ನೀನು ಚಿಕ್ಕವಳಿದ್ದಾಗ ಹಸಿರು ಬಣ್ಣದಲ್ಲಿ ಬರೆದ ನಿಯಮ ಇನ್ನೂ ಇದೆ: ತಗುಲಿದವರೇ ಕೈ ಎತ್ತಬೇಕು. ಏಟು ತೀರ್ಪುಗಾರರಿಗೆ ಕಾಣದಿದ್ದರೂ, ತಿಂದವರು ಕೈ ಎತ್ತಿ ಒಪ್ಪಿಕೊಳ್ಳಬೇಕು. ಒದೆಯುವುದನ್ನು ಯಾರಾದರೂ ಕಲಿಸುತ್ತಾರೆ, ಇದನ್ನು ಕಲಿಸುವವನು ನಾನೊಬ್ಬನೇ ಎಂಬ ಜಂಬ ನನಗೆ. ಪಂದ್ಯಗಳಲ್ಲಿ ನಮ್ಮ ಮಕ್ಕಳು ಕೈ ಎತ್ತಿ ಎತ್ತಿ ಸೋತು ಬರುತ್ತಿದ್ದರು. ಏನ್ ಸರ್, ನಿಮ್ಮ ಹತ್ರ ಸೋಲೋಕೆ ಟ್ರೈನಿಂಗಾ ಅಂತ ಒಬ್ಬ ತಂದೆ ಕೇಳಿ, ಮಗನನ್ನು ಎದುರು ಬೀದಿಯ ಕ್ಲಾಸಿಗೆ ಸೇರಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕೊನೆಗೆ ಉಳಿದವಳು ಗುಬ್ಬಚ್ಚಿ, ಎಂಟು ವರ್ಷದ, ಮುಂದಿನ ಹಲ್ಲಿಲ್ಲದ ಪೋರಿ. ಗಾಳಿ ಸೋಕಿದರೂ ಕೈ ಎತ್ತುವವಳು.

ಅವಳ ತಾಯಿ ಯಾರು ಗೊತ್ತೇ? ಫೈನಲ್ಸ್‌ನಲ್ಲಿ ನಿನಗೆ ಸೋತ ಎರಡು ಜಡೆಯ ಹುಡುಗಿ. ಈಗ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ಮಗಳನ್ನು ಸೇರಿಸಲು ಬಂದ ದಿನ, ಅವತ್ತು ನನ್ನ ಒದೆ ತಗುಲಿತು ಅನ್ನಿಸಿತ್ತು ಸರ್, ಆದ್ರೆ ನಿಮ್ಮ ಕ್ಲಾಸಿನವಳು ಕೈ ಎತ್ತಲಿಲ್ಲ ಅಂದ್ರೆ ತಗಲಿಲ್ಲ ಅಂತಾನೇ ಅರ್ಥ, ಅಂದಳು. ನಾನು ಪೆಚ್ಚಾಗಿ ನಕ್ಕೆ.

ಆ ಫೈನಲ್ಸ್ ದಿನದ ಬಗ್ಗೆ ನೀನೂ ನಾನೂ ಎಂದೂ ಮಾತಾಡಿಲ್ಲ. ನಿನಗೆ ಹದಿಮೂರು. ಅವಳ ಒದೆ ನಿನ್ನ ಪಕ್ಕೆಗೆ ಬಿತ್ತು. ನೀನು ಕೈಯನ್ನು ಅರ್ಧ ಎತ್ತಿ ನನ್ನ ಕಡೆ ನೋಡಿದೆ. ನಾನು ಬೇಡವೆಂದು ತಲೆಯಾಡಿಸಿದೆ. ಕೈ ಇಳಿಯಿತು. ಗೆದ್ದ ಕಪ್ ಮನೆಗೆ ಬಂತು. ಮರುದಿನದಿಂದ ನೀನು ಚಾಪೆ ತುಳಿಯಲಿಲ್ಲ. ನನ್ನೊಡನೆ ಮಾತೂ ಹೌದು, ಇಲ್ಲ, ಊಟಕ್ಕೆ ಬನ್ನಿ, ಇಷ್ಟಕ್ಕೇ ನಿಂತಿತು. ಅಮ್ಮ ಹೋದ ದಿನವೂ ಅಷ್ಟೇ. ಅಂಡರ್ ದಿ ಸರ್ಕಮ್‌ಸ್ಟ್ಯಾನ್ಸಸ್ ಎಂದು ಶುರುವಾಗುವ ಒಂದು ಒಳ್ಳೆಯ ವಾಕ್ಯ ಕಾಲೇಜಿನಲ್ಲಿ ಕಲಿತಿದ್ದೆ. ಮುಂದಿನದು ನೆನಪಿಗೆ ಬರುತ್ತಿಲ್ಲ.

ಕಳೆದ ವಾರ ಗುಬ್ಬಚ್ಚಿ ತಾಯಿಯ ಎದುರಿಗೇ ಕೇಳಿದಳು: ಸರ್, ನಿಮ್ಮ ಕ್ಲಾಸಲ್ಲಿ ಯಾವತ್ತಾದ್ರೂ ಯಾರಾದ್ರೂ ಕೈ ಎತ್ತದೇ ಇದ್ರಾ ಅಂತ. ಆ ಫೈನಲ್ಸ್‌ನ ವಿಷಯ ಹೇಳಿಬಿಟ್ಟೆ. ತಾಯಿ ಮಗಳ ಬೆಲ್ಟ್ ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟಳು. ಗುಬ್ಬಚ್ಚಿ ಬಾಗಿಲಲ್ಲಿ ತಿರುಗಿ ನನಗೆ ಬಾಗಿ ವಂದಿಸಿದಳು, ಕಲಿಸಿದ ಹಾಗೇ.

ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನೀನು ಉತ್ತರ ಬರೆಯುತ್ತೀ ಎಂಬ ಆಸೆಯೂ ಇಲ್ಲ. ಅವತ್ತು ಪಕ್ಕೆ ತುಂಬಾ ನೋಯಿತೇ ಎಂದು ನಾನು ಕೇಳಲೇ ಇಲ್ಲ, ನೋಡು.

ಇತಿ,
ನಿನ್ನ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ನಾನು ಅವರಿಗೆ ಹೇಳಿದ್ದು ಅರ್ಧ. ನೀನು ಕೈ ಎತ್ತಲಿಲ್ಲ ಎಂದಷ್ಟೇ ಹೇಳಿದೆ. ನಿಮಗೆ ಗೊತ್ತಿತ್ತಾ ಸರ್ ಅಂತ ಗುಬ್ಬಚ್ಚಿಯ ತಾಯಿ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಇಲ್ಲಮ್ಮ, ಮೊನ್ನೆ ಮೊನ್ನೆ ತಿಳೀತು ಎಂದೆ. ನಿನ್ನ ವಿಳಾಸ ಕೇಳಿದಳು. ಕೊಟ್ಟೆ. ಅವಳ ಪತ್ರ ನನ್ನದಕ್ಕಿಂತ ಮೊದಲೇ ನಿನಗೆ ತಲುಪಿರುತ್ತದೆ.