ಉಪಪ್ರಶ್ನೆ ಕೇಳದೆ ಕೂತ ಸದಸ್ಯರಿಗೆ

ಮೇಲ್ಮನೆಯ ಮಾನ್ಯ ಸದಸ್ಯರೇ,

ಇಷ್ಟು ದಿನ ಮನೆಯವರಿಗೂ ಹೇಳದ ಒಂದು ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ನಿಮ್ಮ ಕಾರಿನ ಮೇಲಲ್ಲ, ಇಸ್ತ್ರಿ ಹಾಕಿದ ಅಂಗಿಯ ಮೇಲೂ ಅಲ್ಲ. ನೀವು ಪ್ರಶ್ನೆ ಕೇಳಿದರೆ ಒಬ್ಬ ಮಂತ್ರಿ ಎದ್ದು ನಿಲ್ಲಬೇಕಾಗುತ್ತದಲ್ಲ, ಅದರ ಮೇಲೆ. ಅಂಥ ಹಕ್ಕನ್ನು ಕೈಯಲ್ಲಿಟ್ಟುಕೊಂಡು, ಕಳೆದ ಅಧಿವೇಶನದಲ್ಲಿ ನಮ್ಮೂರಿನ ಬಸ್ಸಿನ ಬಗ್ಗೆ ಕೇಳಿ, ಹುರುಳಿಲ್ಲದ ಉತ್ತರ ಪಡೆದು, ಅದಕ್ಕೆ ಧನ್ಯವಾದ ಹೇಳಿ ಕೂತುಬಿಟ್ಟಿರಿ. ನನ್ನ ದೂರು ಅಷ್ಟೇ.

ಸಿದ್ದಾಪುರ ತಾಲೂಕಿನ ನಿಲ್ಕುಂದದಿಂದ ಇನ್ನೂ ಒಳಗೆ, ಕಾಡಿನ ನಡುವೆ ನಮ್ಮೂರು. ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ಮಾತ್ರ. ಸದನ ನಡೆಯುವ ದಿನ ಅಲ್ಲಿ ಕೂತು ಪ್ರಶ್ನೋತ್ತರ ನೋಡುತ್ತೇನೆ. ಮಗಳು ಯಾವನೋ ಹುಡುಗನ ಹತ್ತಿರ ಮಾತಾಡಲು ಗುಡ್ಡ ಹತ್ತುತ್ತಾಳೆಂದು ಅವ್ವನಿಗೆ ಅನುಮಾನ. "ಯಾರೇ ಅಂವ? ಹೆಸ್ರಾದ್ರೂ ಹೇಳು ಮಾರಾಯ್ತಿ" ಎಂದು ಒಂದು ದಿನ ಕೇಳಿಯೇಬಿಟ್ಟಳು. ವಿಧಾನ ಪರಿಷತ್ತು ಎಂದು ಹೇಳಿದ್ದರೆ ಹುಡುಗನ ಮನೆತನದ ಹೆಸರೆಂದು ತಿಳಿಯುತ್ತಿದ್ದಳೋ ಏನೋ.

ನಾನು ಓದಿದ ಶಾಲೆಯಲ್ಲಿ ಉತ್ತರ ಗೊತ್ತಿಲ್ಲದವರನ್ನು ನಿಲ್ಲಿಸುತ್ತಿದ್ದರು. ನಿಮ್ಮ ಸದನದಲ್ಲೂ ಹಾಗೆಯೇ ಎಂದು ಮೊದಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅಲ್ಲಿ ನಿಂತವರು ಒಂದು ಕಾಗದ ಓದಿ ಕೂರಬಹುದು. ಆದರೆ ಕೇಳಿದವರಿಗೆ ಇನ್ನೊಂದು ಹಕ್ಕಿದೆ. ಉತ್ತರ ಸರಿಯಿಲ್ಲದಿದ್ದರೆ ಮತ್ತೆ ಎದ್ದು ಉಪಪ್ರಶ್ನೆ ಕೇಳಬಹುದು. ಕೇಳಿದ್ದನ್ನೇ ಮತ್ತೆ ಕೇಳಿದ್ದಕ್ಕೆ ಎಷ್ಟು ಸಲ ಬೈಸಿಕೊಂಡಿದ್ದೇನೆ ನಾನು! ಅದೇ ಕೆಲಸಕ್ಕೆ ನಿಮಗೆ ಮೈಕು, ಕುರ್ಚಿ, ಭತ್ಯೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಈಗ ಬಸ್ಸಿನ ಕಥೆ. ನಮ್ಮೂರಿಗೆ ವಸತಿ ಬಸ್ಸಿತ್ತು. ಸಂಜೆ ಬಂದು ರಾತ್ರಿ ಇಲ್ಲೇ ಉಳಿದು, ಬೆಳಿಗ್ಗೆ ನಮ್ಮನ್ನೆಲ್ಲ ತುಂಬಿಕೊಂಡು ಸಿದ್ದಾಪುರಕ್ಕೆ ಹೋಗುತ್ತಿತ್ತು. ಡ್ರೈವರ್, ಕಂಡಕ್ಟರ್ ಮಲಗುತ್ತಿದ್ದದ್ದು ಗಣಪಣ್ಣನ ಜಗಲಿಯಲ್ಲಿ. ಊಟ ಮನೆಮನೆಯ ಸರದಿ. ನಮ್ಮ ಸರದಿಯ ದಿನ ಅವ್ವ ಕೋಳಿ ಸಾರು ಮಾಡುತ್ತಿದ್ದಳು, ಮರುದಿನ ಕಂಡಕ್ಟರು "ನಿನ್ನೆ ಊಟ ಊಟ ಅಂದ್ರೆ!" ಎಂದರೆ ಪಕ್ಕದ ಮನೆಯವರ ಮುಖ ಸಣ್ಣದಾಗುತ್ತಿತ್ತು. ಇಡೀ ಊರು ಆ ಬಸ್ಸನ್ನು ನೆಂಟರಂತೆ ನೋಡಿಕೊಂಡಿತ್ತು. ಕೊರೊನಾ ಬಂದಾಗ ನಿಂತದ್ದು ಮತ್ತೆ ಬರಲಿಲ್ಲ. ಕ್ರಾಸ್‌ವರೆಗೆ ಮಾತ್ರ ಬಸ್ಸು, ಅಲ್ಲಿಂದ ಮುಂದೆ ಕಾಡು, ನಡಿಗೆ. ಆಗ ನಾನು ಒಂಬತ್ತನೇ ಕ್ಲಾಸು. ಒಂದು ಸಂಜೆ ಕಾಡುಕೋಣವೊಂದು ದಾರಿಗೆ ಅಡ್ಡ ನಿಂತಿತ್ತು. ಅದು ತಾನಾಗಿ ಹೋಗುವವರೆಗೆ ಮರದ ಹಿಂದೆ ನಿಂತಿದ್ದು, ಕತ್ತಲಾದ ಮೇಲೆ ಮನೆಗೆ ಬಂದೆ. ಅಪ್ಪ ಬೈಯಲಿಲ್ಲ. "ಬಸ್ ಬಂದ್ಮೇಲೆ ಹೋಗುವಿಯಂತೆ" ಎಂದ. ನಾನು ಶಾಲೆ ಬಿಟ್ಟದ್ದು ಹೀಗೆ. ಬಿಡಿಸಿದವರು ಯಾರೂ ಇಲ್ಲ, ನೋಡಿ.

ಗುಡ್ಡದಾಚೆಯ ಊರಿಗೆ ವಸತಿ ಬಸ್ಸು ಮತ್ತೆ ಶುರುವಾಗಿದೆ. ಗೇರು ಮರದ ಬುಡದಲ್ಲಿ ನಿಂತರೆ ಸಂಜೆ ಅದರ ದೀಪ ತಿರುವಿನಲ್ಲಿ ಕಾಣುತ್ತದೆ. ನನ್ನ ಜೊತೆ ಓದುತ್ತಿದ್ದ ಅಲ್ಲಿಯ ಹುಡುಗಿ ಈಗ ಶಿರಸಿಯಲ್ಲಿ ಡಿಗ್ರಿ ಮಾಡುತ್ತಿದ್ದಾಳೆ. ಕ್ಲಾಸಿನಲ್ಲಿ ನನ್ನನ್ನು ನೋಡಿ ಬರೆಯುತ್ತಿದ್ದವಳು! ಒಳ್ಳೆಯದಾಗಲಿ ಎಂದು ಬಾಯಲ್ಲಿ ಹೇಳಿದ್ದೇನೆ, ಮನಸ್ಸಿನಲ್ಲಿ ಇನ್ನೂ ಹೇಳಲಾಗಿಲ್ಲ.

ನೀವು ಪ್ರಶ್ನೆ ಕೊಟ್ಟಿದ್ದೀರಿ ಎಂದು ಊರಿಗೆ ತಿಳಿದದ್ದು ಇಲಾಖೆಯ ಜೀಪು ಬಂದಾಗ. ಸ್ಥಳ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದಿದ್ದರು. ಮಧ್ಯಾಹ್ನದ ಹೊತ್ತು. ನಮ್ಮವರಿಗೆ ಬೇರೆ ಏನು ಗೊತ್ತು? ಗಣಪಣ್ಣನ ಜಗಲಿಯಲ್ಲಿ ಬಾಳೆ ಎಲೆ ಹಾಕಿದರು. ಅವ್ವ ನಮ್ಮ ಮನೆಯ ಸಾರು ಹೊತ್ತು ತಂದಳು.

ಅಧಿಕಾರಿ ಅನ್ನ ಕಲಸುತ್ತಾ, "ಬಸ್ಸಿನ ಬಗ್ಗೆ ಏನಾದ್ರೂ ತೊಂದರೆ ಇದೆಯಾ?" ಎಂದರು.

"ತೊಂದ್ರೆ ಎಂತದು ಸಾರ್, ಹೆಂಗೋ ಸುಧಾರಿಸ್ಕಂಡು ಹೋಗ್ತೀವಿ. ನೀವು ಮೊದ್ಲು ಉಣ್ಣಿ" ಎಂದ ಗಣಪಣ್ಣ.

ನಾನು ಬಾಗಿಲ ಹತ್ತಿರದಿಂದ, "ಬಸ್ಸೇ ಬರೂದಿಲ್ಲ ಸಾರ್" ಎಂದೆ.

ಅವ್ವ ನನ್ನ ತೋಳು ಹಿಡಿದು ಒಳಗೆ ಎಳೆದಳು. "ಉಣ್ಣೂಕೆ ಕುಂತವ್ರ ಎದ್ರಿಗೆ ಎಂತಾ ಮಾತೇ ನಿಂದು? ಉಂಡ್ಮೇಲೆ ಹೇಳು."

ನಮ್ಮಲ್ಲಿ ಎಲೆಯ ಮುಂದೆ ಕುಳಿತವರ ಹತ್ತಿರ ದೂರು ಹೇಳುವುದಿಲ್ಲ. ಹೇಳಿದರೆ ಬಡಿಸಿದ್ದಕ್ಕೆ ಬೆಲೆ ಕೇಳಿದಂತಾಗುತ್ತದೆ. ಅಧಿಕಾರಿಗೆ ಅದೇ ಅನುಕೂಲವಾಯಿತು. "ಈ ಹುಡುಗಿ ಎಷ್ಟು ಓದಿದ್ದಾಳೆ?" ಎಂದು ಕೇಳಿದರು. ಒಂಬತ್ತಕ್ಕೇ ಬಿಟ್ಟಳು ಎಂದರು ಯಾರೋ. "ಓಹೋ" ಎಂದು ಇನ್ನಷ್ಟು ಸಾರು ಹಾಕಿಸಿಕೊಂಡರು. ಉಂಡು, ಕೈ ತೊಳೆದು, "ಊಟ ಬಹಳ ಚಲೋ ಇತ್ತು" ಎಂದು ಜೀಪು ಹತ್ತಿದರು. ಹೇಳಬೇಕಾದದ್ದನ್ನು ಹೇಳಲು ನಾನು ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಧೂಳು ಮಾತ್ರ ಇತ್ತು.

ಆಮೇಲೆ ಸದನದಲ್ಲಿ ಮಂತ್ರಿಗಳು ಓದಿದ್ದನ್ನು ಗೇರು ಮರದ ಬುಡದಲ್ಲಿ ಕೂತು ಕೇಳಿದೆ. "ಸದರಿ ಗ್ರಾಮಕ್ಕೆ ಅಧಿಕಾರಿಗಳು ಭೇಟಿ ನೀಡಿದ್ದು, ಗ್ರಾಮಸ್ಥರು ಯಾವುದೇ ತೊಂದರೆ ಇಲ್ಲವೆಂದು ತಿಳಿಸಿರುತ್ತಾರೆ. ವಸತಿ ಬಸ್ ಪುನರಾರಂಭಿಸುವ ಪ್ರಶ್ನೆ ಉದ್ಭವಿಸುವುದಿಲ್ಲ." ಸುಳ್ಳು ಎನ್ನಲು ಬರುವುದಿಲ್ಲ. ಗಣಪಣ್ಣ ಹಾಗೆ ಹೇಳಿದ್ದು ಹೌದು. ಅರ್ಧ ತಪ್ಪು ನಮ್ಮದೇ. ಅದನ್ನು ಮುಚ್ಚಿಟ್ಟು ನಿಮ್ಮನ್ನೊಬ್ಬರನ್ನೇ ದೂರುವುದು ನನ್ನಿಂದಾಗದು. ಆದರೆ ಉಳಿದರ್ಧ? ಸಭಾಪತಿಗಳು ನಿಮ್ಮ ಕಡೆ ನೋಡಿ ಉಪಪ್ರಶ್ನೆ ಇದೆಯೇ ಎಂದರು. ನಾನು ಇಲ್ಲಿ ಮೊಬೈಲ್ ಹಿಡಿದುಕೊಂಡು ಎದ್ದು ನಿಂತಿದ್ದೆ. ನೀವು ಅಲ್ಲಿ ಅರ್ಧ ಎದ್ದು, "ಉತ್ತರ ತೃಪ್ತಿಕರವಾಗಿದೆ, ಧನ್ಯವಾದಗಳು" ಎಂದು ಕೂತಿರಿ. ಯಾರಿಗೆ ತೃಪ್ತಿ, ಮಾನ್ಯರೇ? ಉಂಡವರಿಗೋ?

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕೇಳುತ್ತಿದ್ದದ್ದು ಒಂದೇ ಮಾತು. ಪರಿಶೀಲನೆಗೆ ಹೋದ ಅಧಿಕಾರಿ ಆ ಊರಿಗೆ ಯಾವ ಬಸ್ಸಿನಲ್ಲಿ ಹೋದರು? ಇಷ್ಟಕ್ಕೆ ಅಂಕಿಅಂಶ ಬೇಡ, ಡಿಗ್ರಿ ಬೇಡ. ನಿಮ್ಮ ಮೇಲ್ಮನೆಯ ಕೆಲವು ಕುರ್ಚಿಗಳಿಗೆ ಓಟು ಹಾಕುವುದಕ್ಕೇ ಡಿಗ್ರಿ ಬೇಕಂತೆ. ಬಸ್ಸಿಲ್ಲದೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದೆ ಓಟಿಲ್ಲ, ಓಟಿಲ್ಲದವಳ ಬಸ್ಸಿಗಾಗಿ ಯಾರು ಎರಡನೇ ಸಲ ಏಳುತ್ತಾರೆ? ಎಷ್ಟು ಅಚ್ಚುಕಟ್ಟು!

ನನ್ನ ತಂಗಿ ಭೂಮಿಕಾ ಈ ವರ್ಷ ಒಂಬತ್ತನೇ ಕ್ಲಾಸು. ಕ್ರಾಸ್‌ನಿಂದ ನಡೆದು ಬರುತ್ತಾಳೆ. ಮೊನ್ನೆ ಕತ್ತಲಾದ ಮೇಲೆ ಬಂದಳು. ಅಪ್ಪ ಬೈಯಲಿಲ್ಲ. "ಬಸ್ ಬಂದ್ಮೇಲೆ..." ಎಂದು ಶುರು ಮಾಡಿದ. ಮುಂದಿನ ಮಾತು ನನಗೆ ಬಾಯಿಪಾಠ. ಆಡಿ ಮುಗಿಸಲು ಬಿಡಲಿಲ್ಲ. ಸಿದ್ದಾಪುರದಲ್ಲಿ ಒಂದು ಕೋಣೆ ನೋಡಿದ್ದೇನೆ, ನನಗೆ ಬೇಕರಿಯಲ್ಲಿ ಕೆಲಸ ಹೇಳಿದ್ದಾರೆ. ಅವಳು ಅಲ್ಲಿಂದ ಶಾಲೆಗೆ ಹೋಗುತ್ತಾಳೆ. ನಾನು ಬನ್ನು ಕಟ್ಟಿಕೊಡುತ್ತಾ, ಅವಳು ಹೋಗುವುದನ್ನು ನೋಡಿ ಅವಳ ಮೇಲೂ ಹೊಟ್ಟೆಕಿಚ್ಚುಪಡುತ್ತೇನೆ. ಅದು ನಮ್ಮನೆಯ ವಿಷಯ, ನಿಮಗೆ ಬೇಡ.

ನಿಮಗೆ ಹೇಳಬೇಕಾದದ್ದು ಇದು. ನಮ್ಮೂರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದವಳು ಈಗ ಭೂಮಿಕಾ ಒಬ್ಬಳೇ. ಅವಳೂ ಹೋದ ಮೇಲೆ ಮಂತ್ರಿಗಳು, ಸದರಿ ಗ್ರಾಮದಲ್ಲಿ ಬಸ್ ಬಳಸುವ ವಿದ್ಯಾರ್ಥಿಗಳೇ ಇರುವುದಿಲ್ಲ ಎಂದು ಓದಬಹುದು, ಅದು ನಿಜವೂ ಆಗಿರುತ್ತದೆ. ಆದರೆ ನಮ್ಮ ಹಿಂದೆ ಅಂಗನವಾಡಿ ತುಂಬ ಮಕ್ಕಳಿದ್ದಾರೆ. ಆದ್ದರಿಂದ ಬರುವ ಅಧಿವೇಶನದಲ್ಲಿ ನೀವು ಮತ್ತೆ ಏಳಬೇಕು. ಜೀಪಿನ ಪ್ರಶ್ನೆ ಕೇಳಬೇಕು. ಉತ್ತರ ಬರುವವರೆಗೆ ಕೂರಬಾರದು. ಸಿದ್ದಾಪುರದಲ್ಲಿ ಸಿಗ್ನಲ್ ಚೆನ್ನಾಗಿದೆ, ನೋಡುತ್ತಿರುತ್ತೇನೆ.

ನಾವಿಬ್ಬರೂ ನಾಳೆ ಬೆಳಿಗ್ಗೆ ಕ್ರಾಸ್‌ವರೆಗೆ ನಡೆದು ಹೊರಡುತ್ತೇವೆ.

ಇಂತಿ,
ನಿಮ್ಮ ಬದಲು ಗೇರು ಮರದ ಬುಡದಲ್ಲಿ ಎದ್ದು ನಿಂತವಳು,
ಚೇತನಾ