ಎರಡನೇ ನಂಬರಿನ ಕುರಿ

ಮಾರ್ಲಿಸ್ ಒಬೊರ್ನಿಗೆ,

ಈ ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಅದನ್ನು ಒಡೆದಿರಲಾರೆ. ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಇವರು ಈಗೇಕೆ ಬರೆದರು, ಇದರಲ್ಲಿ ಇವರಿಗೇನು ಲಾಭ ಎಂದು ಕೇಳಿಕೊಂಡಿರುತ್ತೀಯ. ಕೇಳಿಕೊಳ್ಳಬೇಕಾದದ್ದೇ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನಾನು ಸ್ವಲ್ಪ ಒಳ್ಳೆಯವನಾಗಿಬಿಡುತ್ತಿದ್ದೆ. ಇದು ನಾಲ್ಕನೆಯದು. ಇದನ್ನೂ ಅನುಮಾನದಿಂದಲೇ ಓದು.

ಮೂವತ್ತಮೂರು ವರ್ಷ ಪಶ್ಚಿಮ ಕಾನ್ಸಾಸ್‌ನ ಈ ಎರಡು ವರ್ಷದ ಕೋರ್ಸಿನ ಕಾಲೇಜಿನಲ್ಲಿ ಪಶುವಿಜ್ಞಾನ ಕಲಿಸಿದೆ, ಜಾನುವಾರು ತೀರ್ಪಿನ ತಂಡಗಳನ್ನು ತಯಾರು ಮಾಡಿದೆ. ನಾಲ್ಕು ಪ್ರಾಣಿಗಳನ್ನು ಎದುರು ನಿಲ್ಲಿಸಿದರೆ ಯಾವುದು ಮೊದಲು, ಯಾವುದು ಕೊನೆ ಎಂದು ನೀವು ಬರೆಯಬೇಕು. ಆಮೇಲೆ ಚೀಟಿ ನೋಡದೆ ಎರಡು ನಿಮಿಷ ಅದರ ಕಾರಣ ಹೇಳಬೇಕು. ನನ್ನ ಮೊದಲ ಪಾಠ ನಿನಗೆ ನೆನಪಿರಬೇಕು. "ಚೆಂದ ಕಂಡಿದ್ರೆ ಮೊದ್ಲು ಅನುಮಾನ ಪಡ್ರೋ. ಕರುವಿನ ಕಾಲು ದಪ್ಪ ಕಂಡ್ರೆ ಅಂಟು ಹಾಕಿ ಕೂದಲು ನಿಲ್ಸಿರ್ತಾರೆ. ಕುರಿ ಬೆನ್ನು ಹಲಗೆ ತರ ಇದ್ರೆ ಯಾವನೋ ಕತ್ರಿ ಆಡ್ಸಿರ್ತಾನೆ." ಅನುಮಾನ ನನ್ನ ಕಸುಬಿನ ಉಪಕರಣವಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಗೂಟಕ್ಕೆ ನೇತುಹಾಕಿ ಮನೆಗೆ ಹೋಗುವುದನ್ನು ನಾನು ಕಲಿಯಲಿಲ್ಲ.

ನೀನು ಬಂದ ವರ್ಷ ತಂಡದ ಉಳಿದವರೆಲ್ಲ ಪ್ರದರ್ಶನದ ದನಗಳ ನಡುವೆ ಹುಟ್ಟಿದವರು. ಗ್ಯಾರೆಟ್ ಲೈಕರ್‌ನ ಮನೆಯಲ್ಲಿ ಅಜ್ಜನ ಕಾಲದಿಂದ ಗೆದ್ದ ಪದಕಗಳಿಗೇ ಒಂದು ಕೋಣೆ ಇತ್ತು. ನಿನ್ನ ಅಪ್ಪ ದನ ಕೊಬ್ಬಿಸುವ ದೊಡ್ಡಿಯಲ್ಲಿ ಮೇವಿನ ಲಾರಿ ಓಡಿಸುತ್ತಿದ್ದರು. ಮೊದಲ ಸಲ ಕಾರಣ ಹೇಳಲು ನಿಂತಾಗ ನೀನು ನನ್ನ ಬೂಟುಗಳನ್ನೇ ನೋಡುತ್ತ ಮಾತಾಡಿದೆ, ನಡುವೆ ದನಿ ಒಡೆದು ನಿಂತುಬಿಟ್ಟೆ. ಅಂಕದ ಹಾಳೆಯಲ್ಲಿ ನಿನ್ನ ಹೆಸರು ಯಾವಾಗಲೂ ಕೊನೆಯಲ್ಲಿರುತ್ತಿತ್ತು. ಆಗ ನಿನ್ನ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಸೋಲುವವರನ್ನು ಯಾರು ಅನುಮಾನಿಸುತ್ತಾರೆ?

ಎರಡನೇ ವರ್ಷದ ಆಗಸ್ಟಿನಲ್ಲಿ ನೀನು ಬೇರೆಯವಳಾಗಿ ಬಂದೆ. ದನ, ಹಂದಿಗಳಲ್ಲಿ ಸುಮಾರಾಗಿದ್ದೆ. ಕುರಿಗಳಲ್ಲಿ ಮಾತ್ರ ನಿನ್ನ ಕ್ರಮ ನನ್ನ ಉತ್ತರಪಟ್ಟಿಯ ಜೊತೆ ವಾರ ವಾರವೂ ಕೂಡಿ ಬರುತ್ತಿತ್ತು. ಮೂರನೇ ವಾರ ಮೆಚ್ಚಿದೆ. ಐದನೇ ವಾರ ನಿನ್ನ ಚೀಟಿಯನ್ನು ಎರಡು ಸಲ ನೋಡಿದೆ. ಬೇಸಿಗೆಯಲ್ಲಿ ಎಲ್ಲಿದ್ದೆ, ಏನು ಮಾಡಿದೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಉಣ್ಣೆ ಕತ್ತರಿಸುವವರ ತಂಡ ಸೇರಿ ನೀನು ವ್ಯೋಮಿಂಗ್‌ವರೆಗೆ ಹೋಗಿದ್ದೆ, ಮೂರು ತಿಂಗಳಲ್ಲಿ ಸಾವಿರಾರು ಕುರಿಗಳು ನಿನ್ನ ಮೊಣಕಾಲ ನಡುವೆ ಹಾದುಹೋಗಿದ್ದವು ಎಂಬುದು ನನಗೆ ತಿಳಿದದ್ದು ಹೋದ ತಿಂಗಳು, ಕೆಲಸಕ್ಕೆ ನೀನು ಹಾಕಿದ ಅರ್ಜಿ ಓದಿದಾಗ.

ಅಕ್ಟೋಬರಿನಲ್ಲಿ ಒಂದು ದಿನ ಗ್ಯಾರೆಟ್ ನನ್ನ ಕೊಠಡಿಗೆ ಬಂದು ಬಾಗಿಲಲ್ಲೇ ನಿಂತ. "ಕೋಚ್, ನಾನು ಹೇಳಿದ್ದು ಅಂತ ಬೇಡ. ವ್ಯಾನಲ್ಲಿ ನಿಮ್ಮ ಉತ್ತರಪಟ್ಟಿ ಫೋಲ್ಡರ್ ಇರುತ್ತಲ್ಲ, ಅದರ ಹತ್ರ ಮಾರ್ಲಿಸ್‌ನ ನೋಡ್ದೆ," ಎಂದ. ಅಷ್ಟೇ ಅಂದದ್ದು. ನಾನು ಮಾತ್ರ ಆ ವಾರವಿಡೀ ನಿನ್ನನ್ನು ಗಮನಿಸಿದೆ. ನೀನು ವ್ಯಾನಿನಲ್ಲಿ ಮುಂದೆ ಕೂತರೆ ಅದಕ್ಕೊಂದು ಅರ್ಥ ಸಿಕ್ಕಿತು, ಹಿಂದೆ ಕೂತರೆ ಇನ್ನೊಂದು. ನಕ್ಕರೆ ಧೈರ್ಯ ಬಂದಿದೆ ಎಂದುಕೊಂಡೆ, ಸುಮ್ಮನಿದ್ದರೆ ಏನೋ ಬಚ್ಚಿಡುತ್ತಿದ್ದಾಳೆ ಎಂದುಕೊಂಡೆ. ತಪ್ಪು ಸಿಕ್ಕಲಿ ಎಂದು ಹುಡುಕುವವನಿಗೆ ಎಲ್ಲ ಕಡೆಯೂ ಅದೇ ಕಾಣುತ್ತದೆ.

ಆಮೇಲೆ ಒಟಿಲಿಯಾ ಡ್ರೈಲಿಂಗ್ ಅವರ ತೋಟದ ದಿನ ಬಂತು. ವರ್ಷಕ್ಕೊಮ್ಮೆ ತಮ್ಮ ಕುರಿಗಳನ್ನು ನಮ್ಮ ಅಭ್ಯಾಸಕ್ಕೆ ಬಿಟ್ಟುಕೊಟ್ಟು, ಎಲ್ಲರಿಗೂ ಎಲೆಕೋಸು ಮಾಂಸ ತುಂಬಿದ ಬೀರಾಕ್ ಬನ್ನು ಸುಟ್ಟುಕೊಡುತ್ತಿದ್ದ ಆ ಮುದುಕಿಯನ್ನು ನೀನು ಮರೆತಿರಲಾರೆ. ಬೆಳಿಗ್ಗೆ ನೀವೆಲ್ಲ ಹಂದಿಗಳನ್ನು ನೋಡುತ್ತಿದ್ದಾಗ ನಾನು ಮಧ್ಯಾಹ್ನದ ನಾಲ್ಕು ಹೆಣ್ಣುಕುರಿಗಳನ್ನು ಬೇಲಿಯಾಚೆ ನಿಂತೇ ನೋಡಿ ಕ್ರಮ ಹಾಕಿದೆ: ಎರಡು, ನಾಲ್ಕು, ಒಂದು, ಮೂರು. ಒಳಗೆ ಇಳಿಯಲಿಲ್ಲ. ಉತ್ತರದ ಗಾಳಿ ಬೀಸುತ್ತಿತ್ತು, ಚಳಿಗೆ ನನ್ನ ಬೆರಳ ಗಂಟುಗಳು ನೋಯುತ್ತಿದ್ದವು. ಅಲ್ಲದೆ ಆ ಎರಡನೇ ನಂಬರಿನ ಕುರಿ ನಿಂತ ಠೀವಿಗೆ ಮುಟ್ಟಿ ನೋಡುವ ಅಗತ್ಯವೇ ಕಾಣಲಿಲ್ಲ.

ಆಮೇಲೆ ವ್ಯಾನಿನಲ್ಲಿ ಕೂತು ಫೋಲ್ಡರಿಗೆ ಒಂದು ಸುಳ್ಳು ಪಟ್ಟಿ ಬರೆದು ಸೇರಿಸಿದೆ. ಮೊದಲಿನ ಕುರಿಯನ್ನು ಮೂರನೆಯದಕ್ಕೆ ಇಳಿಸಿ, ನಾಲ್ಕು, ಒಂದು, ಎರಡು, ಮೂರು ಎಂದು. ಕಣ್ಣಿದ್ದವರು ಯಾರೂ ಎರಡನ್ನು ಮೂರನೇ ಜಾಗಕ್ಕೆ ಹಾಕಲಾರರು ಎಂಬ ಖಾತ್ರಿ ನನಗಿತ್ತು. ಫೋಲ್ಡರನ್ನು ಮುಂದಿನ ಸೀಟಿನ ಮೇಲೆ ಬಿಟ್ಟು, ಬಾಗಿಲಿಗೆ ಬೀಗ ಹಾಕದೆ ಊಟಕ್ಕೆ ಬಂದೆ. ಊಟದ ನಡುವೆ ನೀನು ಎದ್ದು, "ಜಾಕೆಟ್ ತರ್ತೀನಿ, ಚಳಿ," ಎಂದು ವ್ಯಾನಿನ ಕಡೆ ಹೋದೆ. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಬನ್ನು ಕೈಯಲ್ಲೇ ತಣ್ಣಗಾಯಿತು.

ಮಧ್ಯಾಹ್ನ ಉಳಿದ ಐದು ಜನರೂ ಎರಡನೇ ನಂಬರನ್ನು ಮೊದಲಿಟ್ಟರು. ನಿನ್ನ ಚೀಟಿಯಲ್ಲಿ ನಾಲ್ಕು, ಒಂದು, ಎರಡು, ಮೂರು ಎಂದಿತ್ತು.

ನಿನ್ನನ್ನು ವ್ಯಾನಿನ ಹಿಂದಕ್ಕೆ ಕರೆದೆ. ಆಗ ಆಡಿದ ಮಾತುಗಳು ನಿನಗೂ ನೆನಪಿರುತ್ತವೆ. ಆದರೂ ಬರೆಯುತ್ತೇನೆ, ನನ್ನ ಕೈಯಿಂದಲೇ ಒಮ್ಮೆ ಬರೆಯಬೇಕು.

"ಎಷ್ಟು ದಿನದಿಂದ ನಡೀತಿದೆ ಇದು?"

"ಯಾವ್ದು ಕೋಚ್?"

"ನಾಟಕ ಬೇಡ. ಆ ಪಟ್ಟಿ ಸುಳ್ಳು. ನಾನೇ ಬರೆದಿಟ್ಟಿದ್ದು. ಇಡೀ ಕಾನ್ಸಾಸ್‌ನಲ್ಲಿ ಆ ಕ್ರಮ ಹಾಕೋಳು ನೀನೊಬ್ಳೇ."

ನಿನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಿನ್ನ ಮುಖ ಕೆಂಪೇರಿತು. ಅದನ್ನೂ ನಾನು ಸಾಕ್ಷಿಗೆ ಸೇರಿಸಿಕೊಂಡೆ. ನೀನು ಅಳಲಿಲ್ಲ. "ಆ ಕುರಿ ಇನ್ನೂ ದೊಡ್ಡಿಯಲ್ಲೇ ಇದೆ ಕೋಚ್. ಮೂವತ್ತು ಹೆಜ್ಜೆ. ಬೆನ್ನ ಮೇಲೆ ಕೈಯಿಟ್ಟು ನೋಡಿ. ತುಪ್ಪಟದೊಳಗೆ ಬರೀ ಮೂಳೆ," ಎಂದೆ.

"ನೀನು ಹುಟ್ಟೋಕೆ ಮುಂಚಿಂದ ಕುರಿ ಮೇಲೆ ಕೈಯಿಡ್ತಾ ಇದೀನಿ," ಎಂದು ನಾನು ವ್ಯಾನ್ ಹತ್ತಿ ಚಾಲೂ ಮಾಡಿದೆ. ಮೂವತ್ತು ಹೆಜ್ಜೆ ನಡೆಯಲಿಲ್ಲ.

ನವೆಂಬರಿನ ದೊಡ್ಡ ಸ್ಪರ್ಧೆಗೆ ಐವರ ಪಟ್ಟಿ ಹಾಕಿದಾಗ ನಿನ್ನ ಹೆಸರು ಬಿಟ್ಟೆ. ಕಾರಣ ಯಾರಿಗೂ ಹೇಳಲಿಲ್ಲ, ಅದನ್ನೇ ದೊಡ್ಡ ಔದಾರ್ಯವೆಂದುಕೊಂಡೆ. ಹೇಳದೆ ಬಿಟ್ಟದ್ದರಿಂದಲೇ ಊರು ತನಗೆ ಬೇಕಾದ ಕಾರಣ ತುಂಬಿಕೊಂಡಿತು.

ಇನ್ನು ನಿನಗೆ ಗೊತ್ತಿಲ್ಲದ್ದು. ತೋಟದಿಂದ ಬಂದ ಹನ್ನೆರಡನೇ ದಿನ ಒಟಿಲಿಯಾ ಫೋನ್ ಮಾಡಿದರು. ಮರಿ ಹಾಕುವ ಮುಂಚೆ ಕುರಿಗಳ ಉಣ್ಣೆ ತೆಗೆಸಿದ್ದರಂತೆ. "ಹಾರ್ಲನ್, ಆ ಎರಡನೇ ನಂಬರು ಇದೆಯಲ್ಲ, ಹರಾಜಲ್ಲಿ ತಂದಿದ್ದು, ನನಗೆ ಟೋಪಿ ಹಾಕಿದ್ರು ಕಣಪ್ಪ. ತುಪ್ಪಟ ಕತ್ತರಿಸಿ ಕತ್ತರಿಸಿ ಆಕಾರ ಕೊಟ್ಟಿದ್ದಾರೆ. ಒಳಗೆ ನೋಡಿದ್ರೆ ಬಟ್ಟೆ ಒಣಹಾಕೋ ಹಗ್ಗದ ತರ ಬೆನ್ನು. ನಿನ್ನ ಮಕ್ಕಳಲ್ಲಿ ಯಾರಾದ್ರೂ ಕಂಡುಹಿಡಿದ್ರಾ?"

ನಾನು ಹೇಳಿದೆ: "ಇಲ್ಲ ಒಟಿಲಿಯಾ. ಯಾರೂ ಹಿಡೀಲಿಲ್ಲ."

ಸ್ಪರ್ಧೆಗೆ ಆಗ ಇನ್ನೂ ನಾಲ್ಕು ದಿನ ಇತ್ತು. ಹೆಸರು ಬದಲಿಸಲು ಒಂದು ಫೋನ್ ಸಾಕಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು, ಅದನ್ನು ಕೆಳಗಿಟ್ಟೆ.

ತಂಡ ಎರಡನೇ ಸ್ಥಾನ ಗೆದ್ದಿತು. ಈ ಕಾಲೇಜಿನ ಚರಿತ್ರೆಯಲ್ಲಿ ಅಷ್ಟು ಮೇಲೆ ಯಾರೂ ಹೋಗಿರಲಿಲ್ಲ. ಸೋತಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ, ಅದನ್ನೂ ಖಾತ್ರಿಯಾಗಿ ಹೇಳಲಾರೆ. ಗೆದ್ದ ಮೇಲಂತೂ ಬಾಯಿಗೆ ಬೀಗ ಬಿತ್ತು. ನೀನು ಕಾಲೇಜು ಬಿಟ್ಟುಹೋಗುತ್ತೀಯ ಎಂದು ಕಾದೆ. ಹೋಗಲಿಲ್ಲ. ಮೇ ತಿಂಗಳವರೆಗೂ ನನ್ನ ಪಶು ಆಹಾರದ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತು, ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಹೋದೆ. ಪರೀಕ್ಷೆಯಲ್ಲಿ ನಿನ್ನನ್ನು ಒಂಟಿ ಮೇಜಿಗೆ ಕೂರಿಸಿದೆ. ಸತ್ಯ ಗೊತ್ತಾದ ಮೇಲೆಯೂ, ಮಾರ್ಲಿಸ್. ನೀನು ಎಲ್ಲಾದರೂ ಒಂದು ಕಡೆ ನಿಜವಾಗಿ ಕಳ್ಳಿಯೆಂದು ಸಿಕ್ಕಿಬಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ನೀನು ಆ ಒಂಟಿ ಮೇಜಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದೆ.

ಆ ಏಪ್ರಿಲಿನಲ್ಲಿ ನೀನು ಮುಂದೆ ಓದಲು ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯದ ಕೋಚ್ ನನಗೆ ಫೋನ್ ಮಾಡಿ ವಿಚಾರಿಸಿದರು. "ಚುರುಕು ಹುಡುಗಿ. ಸ್ವಲ್ಪ ಕಣ್ಣಿಟ್ಟಿರಿ ಅಷ್ಟೆ," ಎಂದೆ. ಏನು ವಿಷಯ ಎಂದು ಅವರು ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ಅಷ್ಟು ಸಾಕು. ಅಲ್ಲಿನ ತಂಡದಲ್ಲಿ ನಿನಗೆ ಜಾಗ ಯಾಕೆ ಸಿಗಲಿಲ್ಲ ಎಂದು ನೀನು ಯಾವತ್ತಾದರೂ ಯೋಚಿಸಿದ್ದರೆ, ಉತ್ತರ ಇದು.

ಹನ್ನೊಂದು ವರ್ಷ ಕಳೆಯಿತು. ನೀನು ಸ್ವಂತ ಮಂದೆ ಕಟ್ಟಿದೆ, ಕೆಲಸ ಮಾಡುತ್ತಲೇ ಡಿಗ್ರಿಗಳನ್ನು ಮುಗಿಸಿದೆ, ಮೂರು ರಾಜ್ಯಗಳ ಜಾತ್ರೆಗಳಲ್ಲಿ ತೀರ್ಪು ಕೊಡಲು ನಿನ್ನನ್ನು ಕರೆಯುತ್ತಾರೆ ಎಂದು ಕೇಳುತ್ತಿದ್ದೆ. ನಾನು ನಿವೃತ್ತನಾಗುವ ಸುದ್ದಿ ಹೊರಬಿದ್ದ ವಾರವೇ ನನ್ನ ಜಾಗಕ್ಕೆ ನಿನ್ನ ಅರ್ಜಿ ಬಂದಾಗ ಮೊದಲು ಹೊಳೆದದ್ದು ಒಂದೇ: ಇವಳು ನನ್ನ ಮಾನ ಕಳೆಯಲು ಬರುತ್ತಿದ್ದಾಳೆ. ಸಂದರ್ಶನದ ದಿನ ಮೇಜಿನ ಮೂಲೆಯಲ್ಲಿ ಕೂತು ಒಂದು ಗಂಟೆ ಕಾದೆ. ನೀನು ನನ್ನ ಕೈ ಕುಲುಕಿದೆ, ಆರೋಗ್ಯ ಕೇಳಿದೆ, ಪಾಠದ ಯೋಜನೆ ಹೇಳಿದೆ. ಆ ವಿಷಯ ಎತ್ತಲೇ ಇಲ್ಲ. ನಿನ್ನ ಮೌನದಲ್ಲೂ ಏನೋ ಹಂಚಿಕೆ ಇದೆ ಎಂದು ಲೆಕ್ಕ ಹಾಕುತ್ತ ಕೂತಿದ್ದೆ.

ಆಮೇಲೆ ಸಮಿತಿಯಲ್ಲಿದ್ದ ಗಣಿತದ ಕ್ಲೈವ್ ಕನ್ನಡಕ ಏರಿಸಿಕೊಂಡು ಕೇಳಿದ: "ಆ ವರ್ಷ ನಮ್ಮ ಕಾಲೇಜು ಎರಡನೇ ಸ್ಥಾನ ಗೆದ್ದಿತ್ತಲ್ಲ, ಆ ತಂಡದಲ್ಲಿ ನೀವ್ಯಾಕೆ ಇರ್ಲಿಲ್ಲ?"

ನೀನು ನನ್ನ ಕಡೆ ತಿರುಗಿದೆ. "ಅದನ್ನ ಅವರೇ ಹೇಳಬೇಕು," ಎಂದೆ.

ಕೋಣೆಯಲ್ಲಿದ್ದ ನಾಲ್ಕೂ ಜನ ನನ್ನನ್ನು ನೋಡಿದರು. ಅರವತ್ತೈದು ವರ್ಷದ ಈ ಮುದುಕ ಹೇಳಿದ್ದೇನು? "ತಂಡಕ್ಕೆ ಐದೇ ಜನ. ಒಬ್ಬರು ಹೊರಗುಳೀಲೇಬೇಕಲ್ಲ." ನೀನು ನೀರಿನ ಲೋಟ ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಡೀನ್ ವರ್ನಾ ಹಬೆಲ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸುಳ್ಳು ಪಟ್ಟಿ, ಒಟಿಲಿಯಾ ಅವರ ಫೋನ್, ಆ ವಿಶ್ವವಿದ್ಯಾಲಯದ ಕೋಚ್‌ಗೆ ಅಂದ ಮಾತು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ, ನಿನ್ನ ಬದುಕಿಗೆ ನಾನೇ ಬಾಗಿಲು ತೆರೆದುಕೊಡುತ್ತಿದ್ದೇನೆಂಬ ಒಂದು ಬಗೆಯ ಹೆಮ್ಮೆ ಒಳಗೆ ಏಳುತ್ತಿತ್ತು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಹಾರ್ಲನ್, ನೀವು ನಿನ್ನೆ ಎದ್ದುಹೋದ ಮೇಲೆ ಹತ್ತು ನಿಮಿಷದಲ್ಲಿ ನಿರ್ಧಾರ ಆಗೋಯ್ತು. ಎಲ್ರೂ ಅವಳನ್ನೇ ಆರಿಸಿದ್ರು. ನಿಮ್ಮ ಈ ಮಾತು ಅವಳಿಗೆ ಬೇಕಾಗಿದ್ದಾಗ ನೀವು ಕೊಡ್ಲಿಲ್ಲ. ಈಗ ಅದು ಅವಳಿಗೆ ಯಾವ ಉಪಯೋಗಕ್ಕೂ ಇಲ್ಲ."

ಅವರು ಬಾಗಿಲವರೆಗೆ ಬಂದು ಕಳಿಸಿಕೊಡಲಿಲ್ಲ.

ಆ ಮಧ್ಯಾಹ್ನ ಗ್ಯಾರೆಟ್‌ಗೆ ಫೋನ್ ಮಾಡಿದೆ. ಅವನ ಮೇಲೆ ಸ್ವಲ್ಪ ಹೊರಿಸಬಹುದೆಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವನು ಹೇಳಿದ: "ಅವತ್ತು ಫೋಲ್ಡರ್ ಕೆಸರಲ್ಲಿ ಬಿದ್ದಿತ್ತು ಕೋಚ್, ಅವಳು ಎತ್ತಿ ಒರೆಸ್ತಾ ಇದ್ಳು. ಹತ್ರ ನೋಡ್ದೆ ಅಂದೆ, ಒಳಗೆ ನೋಡಿದ್ಳು ಅಂತ ಅನ್ನಲೇ ಇಲ್ಲ. ಹೊಟ್ಟೆಕಿಚ್ಚಿಗೆ ಅರ್ಧ ಹೇಳ್ದೆ, ಒಪ್ಕೋತೀನಿ. ಉಳಿದರ್ಧ ನೀವೇ ಸೇರಿಸ್ಕೊಂಡ್ರಿ."

ಮಂಗಳವಾರ ಎರಡನೇ ವರ್ಷದ ತಂಡವನ್ನು ಕೂರಿಸಿಕೊಂಡು ನಿನ್ನ ಹೆಸರು ಹೇಳಿಯೇ ನಡೆದದ್ದನ್ನು ತಿಳಿಸಿದೆ. ನಿನ್ನ ಒಪ್ಪಿಗೆ ಕೇಳಬೇಕಿತ್ತು. ಆದರೆ ಊರಿಗೆ ಹಬ್ಬಿದ ಸುಳ್ಳಿಗೆ ನಾನು ನಿನ್ನ ಒಪ್ಪಿಗೆ ಕೇಳಿರಲಿಲ್ಲ, ನಿಜಕ್ಕಾಗಿ ಕಾಯುವುದು ಬೇಡವೆನಿಸಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈಯೆತ್ತಿ, "ಅವರು ಇಲ್ಲಿಗೆ ಬರೋಕೆ ಒಪ್ತಾರಾ ಕೋಚ್?" ಎಂದು ಕೇಳಿದಳು. ಗೊತ್ತಿಲ್ಲವೆಂದೆ.

ಕಾಲೇಜಿನ ನೇಮಕದ ಪತ್ರ ಸೋಮವಾರ ನಿನ್ನ ಕೈ ಸೇರುತ್ತದೆ. ಈ ಕಾಗದಕ್ಕೂ ಅದಕ್ಕೂ ಸಂಬಂಧವಿಲ್ಲ, ನಾನು ಏನೂ ಮಾಡಿಸಿಕೊಟ್ಟಿಲ್ಲ. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕೇಳಿದರೆ ಮತ್ತೆ ನಿನ್ನ ತಲೆಗೇ ಒಂದು ಕೆಲಸ ಹೊರಿಸಿದಂತೆ. ಉತ್ತರ ಬರೆಯಬೇಡ. ಕೊಠಡಿಯನ್ನು ಶುಕ್ರವಾರದ ಒಳಗೆ ಖಾಲಿ ಮಾಡುತ್ತೇನೆ, ನೀನು ಬರುವ ಹೊತ್ತಿಗೆ ನಾನು ಎದುರಾಗುವುದಿಲ್ಲ.

ನಿನ್ನ ಕೈಕೆಳಗೆ ಕಲಿಯುವ ಮಕ್ಕಳು ನಿನ್ನ ಕಣ್ಣನ್ನು ನೋಡಿ ಮಾತಾಡುವಂತಾಗಲಿ. ನಿನ್ನ ಮಂದೆ ಚಳಿಗಾಲ ದಾಟಲಿ, ನಿನ್ನ ಮಾತು ನಡೆಯಲಿ.

ನಿನಗೆ ಅನ್ಯಾಯ ಮಾಡಿದವನು,
ಹಾರ್ಲನ್ ಸ್ಟೆಕ್ಲೈನ್